ಕೇಳಿಸಿಕೊಂಡವರ ಹೊಣೆ

(ಚಿಂತಾಮಣಿಯಲ್ಲಿ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಅಂಗನವಾಡಿ ಕಾರ್ಯಕರ್ತೆಯರೇ, ಶಿಕ್ಷಕ ಬಂಧುಗಳೇ, ಪಂಚಾಯಿತಿ ಸದಸ್ಯರೇ,

ಮಕ್ಕಳ ಹಕ್ಕುಗಳ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ವಿಶ್ವಸಂಸ್ಥೆಯಿಂದ ಆರಂಭಿಸುತ್ತಾರೆ. ನಾನು ಒಂದು ಮದುವೆ ಊಟದಿಂದ ಆರಂಭಿಸುತ್ತೇನೆ. 1993ರ ಮೇ ತಿಂಗಳು. ಬಾಗೇಪಲ್ಲಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ಒಂಬತ್ತನೆಯ ತರಗತಿಯ ಪರೀಕ್ಷೆ ಆಗಷ್ಟೇ ಬರೆದಿದ್ದ, ಬೀಜಗಣಿತದ ಲೆಕ್ಕವನ್ನು ನಾನು ಹಲಗೆಯ ಮೇಲೆ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದ ಒಬ್ಬ ಹುಡುಗಿಯ ಮದುವೆಗೆ ಅವಳ ತಂದೆ ಮನೆಗೆ ಬಂದು ಕರೆದರು. ಹೋದೆ, ಹೋಳಿಗೆ ಊಟ ಮಾಡಿದೆ, ಐವತ್ತೊಂದು ರೂಪಾಯಿ ಮುಯ್ಯಿ ಬರೆಸಿ ಬಂದೆ. ಅವಳಿಗೆ ಹದಿನೈದು ತುಂಬಿತ್ತೋ ಇಲ್ಲವೋ, ದಾಖಲಾತಿ ಪುಸ್ತಕ ಶಾಲೆಯ ಬೀರುವಿನಲ್ಲೇ ಇತ್ತು, ತೆಗೆದು ನೋಡಬೇಕೆಂದು ನನಗೆ ಅನ್ನಿಸಲಿಲ್ಲ. ಎರಡು ವರ್ಷದ ನಂತರ ಬಸ್ ನಿಲ್ದಾಣದಲ್ಲಿ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಎದುರಾದಳು. ಓದು ಯಾಕಮ್ಮಾ ಬಿಟ್ಟೆ ಎಂದು ಕೇಳಿದೆ. "ನೀವೂ ಬಂದಿದ್ರಲ್ಲ ಸಾರ್, ಮದ್ವೆಗೆ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನಾನು ಇಷ್ಟು ದಿನ ಅದನ್ನು ಹೊತ್ತುಕೊಂಡು ತಿರುಗುತ್ತಿರಲಿಲ್ಲವೇನೋ.

ಆಗ ಕಾನೂನು ಇರಲಿಲ್ಲವೆಂದಲ್ಲ. 1929ರ ಬಾಲ್ಯವಿವಾಹ ನಿಯಂತ್ರಣ ಕಾಯ್ದೆ ಇತ್ತು, ಹೆಣ್ಣಿನ ಮದುವೆಯ ವಯಸ್ಸನ್ನು 1978ರಲ್ಲೇ ಹದಿನೆಂಟಕ್ಕೆ ಏರಿಸಲಾಗಿತ್ತು. ಆ ಮದುವೆಗೆ ಐದು ತಿಂಗಳ ಮುಂಚೆ, 1992ರ ಡಿಸೆಂಬರ್ 11ರಂದು, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿಕೊಂಡಿತ್ತು. ದೆಹಲಿ ಕೊಟ್ಟ ಆ ಒಪ್ಪಿಗೆ ನಮ್ಮ ಶಾಲೆಯ ಬೀರುವಿನವರೆಗೆ ಬಂದಿರಲಿಲ್ಲ, ಅಷ್ಟೇ. ಇಂದು ಕಾನೂನು ಬಹಳ ಗಟ್ಟಿಯಾಗಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಇಂಥ ಮದುವೆ ಮಾಡಿಸಿದವರ ಜೊತೆಗೆ, ಮಗುವಿನ ಹೊಣೆ ಹೊತ್ತಿದ್ದೂ ತಡೆಯದೆ ಅದರಲ್ಲಿ ಪಾಲ್ಗೊಂಡವರಿಗೂ ಎರಡು ವರ್ಷಗಳವರೆಗೆ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕರ್ನಾಟಕವಂತೂ ಆ ಕಾಯ್ದೆಗೆ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಸಾರಿದೆ. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಹದಿನೆಂಟು ತುಂಬದ ಹೆಂಡತಿಯೊಡನೆ ನಡೆಸುವ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ ಎಂದು ತೀರ್ಪು ಕೊಟ್ಟಾಗ ಈ ತಿದ್ದುಪಡಿಯನ್ನು ಮೆಚ್ಚಿ ಉಲ್ಲೇಖಿಸಿತು. ಆದರೂ ನಮ್ಮ ಗಡಿ ತಾಲ್ಲೂಕುಗಳಲ್ಲಿ ಇಲ್ಲಿ ತಡೆದ ಮದುವೆ ವಾರದೊಳಗೆ ಆಂಧ್ರದ ಯಾವುದೋ ದೇವಸ್ಥಾನದಲ್ಲಿ ನಡೆದುಹೋಗುವುದನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ.

ನಿವೃತ್ತಿಯ ನಂತರ, ರಕ್ಷಣೆ ಬೇಕಾದ ಮಕ್ಕಳ ವಿಷಯವನ್ನು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಹತ್ತಿರದಿಂದ ನೋಡಿದವನಾಗಿ ಒಂದು ಮಾತು ಹೇಳಬಲ್ಲೆ. ಮಗುವಿಗೆ ಆಗುತ್ತಿದ್ದ ಹಿಂಸೆ ಊರಿನಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ ಎನ್ನುವಂಥ ಒಂದೇ ಒಂದು ಪ್ರಕರಣವನ್ನು ನಾನು ಕಾಣಲಿಲ್ಲ. ಅಜ್ಜಿಗೆ ಅನುಮಾನವಿತ್ತು, ಪಕ್ಕದ ಮನೆಯವರು ಅಳು ಕೇಳಿಸಿಕೊಂಡಿದ್ದರು, ಮೇಡಂಗೆ ಮಗು ಅರ್ಧ ಮಾತು ಹೇಳಿತ್ತು. ಇವತ್ತು ನಾನು ಮಾತನಾಡಬೇಕಾಗಿರುವುದು ಈ ಕೇಳಿಸಿಕೊಂಡವರ ಬಗ್ಗೆ.

ನಮ್ಮ ಸೀಮೆಯಲ್ಲಿ ಯಾವ ಮಕ್ಕಳು ಹೆಚ್ಚು ಅಪಾಯದಲ್ಲಿದ್ದಾರೆ ಎಂಬುದಕ್ಕೆ ಬೇರೆ ಸಮೀಕ್ಷೆ ಬೇಕಿಲ್ಲ, ನಿಮ್ಮ ಹಾಜರಿ ಪುಸ್ತಕವೇ ಹೇಳುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲು ಶುರುವಾದರೆ, ಕೋಲಾರದ ಮಂಡಿಗೆ ಟೊಮೆಟೊ ಕ್ರೇಟುಗಳು ಸಾಲುಗಟ್ಟಿದರೆ ಯಾವ ಹೆಸರುಗಳ ಮುಂದೆ ಗೈರುಹಾಜರಿ ಬೀಳುತ್ತದೆ ನೋಡಿ. ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕದ ಶೆಡ್ಡುಗಳಲ್ಲಿರುವ ಮಕ್ಕಳ ಹೆಸರು ಎಷ್ಟೋ ಸಲ ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ತಂದೆ ಪಡೆದ ಮುಂಗಡಕ್ಕೆ ಇಡೀ ಸಂಸಾರ ದುಡಿಯಬೇಕಾಗಿ ಬಂದರೆ ಅದರ ಹೆಸರು ಜೀತ, ಮತ್ತು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲ ತೀರಿಸಬೇಕಾದ ಹೊಣೆಯೇ ಇಲ್ಲ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಗಳಲ್ಲಿ ಕುದಿಯುವ ನೀರಿನಿಂದ ಗೂಡು ಹೆಕ್ಕುತ್ತಿದ್ದ ಮಕ್ಕಳನ್ನು ನನ್ನ ವಯಸ್ಸಿನವರು ಕಂಡಿದ್ದೇವೆ. ಬೆರಳ ತುದಿ ಬೆಂದು ಬಿಳಿಚಿದ್ದ ಕೈಯಲ್ಲಿ ಅವರು ನನ್ನ ತರಗತಿಯಲ್ಲಿ ಬಳಪ ಹಿಡಿಯುತ್ತಿದ್ದರು. 1992ರಲ್ಲಿ ಒಡಂಬಡಿಕೆಗೆ ಒಪ್ಪಿಗೆ ನೀಡುವಾಗಲೇ ಭಾರತ, ಬಾಲದುಡಿಮೆಯನ್ನು ಒಮ್ಮೆಲೇ ನಿಲ್ಲಿಸಲಾಗದು, ಹಂತಹಂತವಾಗಿ ನಿಲ್ಲಿಸುತ್ತೇವೆ ಎಂದು ಹೇಳಿಕೊಂಡಿತ್ತು. ಹದಿನಾಲ್ಕು ತುಂಬದವರ ದುಡಿಮೆಯ ಮೇಲೆ ಪೂರ್ಣ ನಿಷೇಧ ಬಂದದ್ದು 2016ರಲ್ಲಿ. ಆಗಲೂ ಶಾಲೆ ಬಿಟ್ಟ ಮೇಲೆ ಮನೆಯವರ ಉದ್ಯೋಗದಲ್ಲಿ ನೆರವಾಗಬಹುದೆಂಬ ಒಂದು ಕಿಂಡಿಯನ್ನು ಬಿಡಲಾಯಿತು. ಮನೆಯಲ್ಲೇ ಕಸುಬು ನಡೆಯುವ ನಮ್ಮಂಥ ಜಿಲ್ಲೆಗಳಲ್ಲಿ ಆ ಕಿಂಡಿ ಬಾಗಿಲಷ್ಟೇ ಅಗಲವಾಗಿದೆ ಎಂಬುದು ನನ್ನ ಅಭಿಪ್ರಾಯ.

ಈಗ ಹೇಳಲು ಎಲ್ಲರೂ ಹಿಂಜರಿಯುವ ವಿಷಯಕ್ಕೆ ಬರುತ್ತೇನೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 13 ರಾಜ್ಯಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿದಾಗ, ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದರು. ಗಂಡುಮಕ್ಕಳೂ ಅದರಲ್ಲಿ ಕಡಿಮೆಯಿರಲಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪೊಲೀಸರಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಂತೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಮಗುವಿಗೆ ಪರಿಚಿತ. ಅಪರಿಚಿತರು ಚಾಕೊಲೇಟ್ ಕೊಟ್ಟರೆ ತೆಗೆದುಕೊಳ್ಳಬೇಡ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಮಾವನೋ, ಮನೆಪಾಠದ ಮೇಷ್ಟ್ರೋ, ವ್ಯಾನ್ ಓಡಿಸುವ ಅಣ್ಣನೋ ಕೊಟ್ಟರೆ ಏನು ಮಾಡಬೇಕೆಂದು ಕಲಿಸಿದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ?

2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ ಶಿಕ್ಷೆಗಳ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆಯುತ್ತವೆ. ಅದರ 19 ಮತ್ತು 21ನೇ ಸೆಕ್ಷನ್‌ಗಳ ಬಗ್ಗೆ ಬರೆಯುವುದು ಕಡಿಮೆ. ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆಯೆಂದು ತಿಳಿದ, ಅಥವಾ ನಡೆಯಬಹುದೆಂಬ ಆತಂಕವಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 19ನೇ ಸೆಕ್ಷನ್. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಎನ್ನುತ್ತದೆ 21. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಸಾಕ್ಷ್ಯ ಹುಡುಕಿ ನಿಜವೋ ಸುಳ್ಳೋ ತೀರ್ಮಾನಿಸಿ ಎಂದು ಕಾನೂನು ಮುಖ್ಯೋಪಾಧ್ಯಾಯರಿಗೆ ಹೇಳಿಲ್ಲ. ಆದರೆ ನಮ್ಮಲ್ಲಿ ಮೊದಲು ನಡೆಯುವುದೇ ಅದು. ಮಗುವನ್ನು ಕೋಣೆಗೆ ಕರೆಸಿ ನಾಲ್ಕು ಜನ ಸುತ್ತ ಕುಳಿತು ಮತ್ತೆ ಮತ್ತೆ ಕೇಳುತ್ತಾರೆ, ಆಮೇಲೆ ಊರ ಹಿರಿಯರು ಸೇರುತ್ತಾರೆ, ಆಮೇಲೆ ರಾಜಿ. ಮನೆತನದ ಮಾನ ಉಳಿಯಿತು ಎಂದು ಎಲ್ಲರೂ ಎದ್ದು ಹೋಗುತ್ತಾರೆ, ಮಗು ಅದೇ ಮನೆಗೆ ಹಿಂದಿರುಗುತ್ತದೆ.

ಮಗು ಹೇಳಿದಾಗ ಮಾಡಬೇಕಾದದ್ದು ಬಹಳ ಸ್ವಲ್ಪ. ಬಾಗಿಲು ತೆರೆದಿರಲಿ, ನಿಮ್ಮ ಮುಖ ಗಾಬರಿಯಾಗದಿರಲಿ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಬೇಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಏಕೆಂದರೆ ಅರ್ಧ ಗಂಟೆಯಲ್ಲಿ ಆ ಮಾತನ್ನು ನೀವು ಮುರಿಯಲೇಬೇಕಾಗುತ್ತದೆ. ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಡಿ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ನೋವಿನ ಮಾತು ಮನೆಮಾತಿನಲ್ಲೇ ಬರುತ್ತದೆ, ಅದನ್ನು ತಿದ್ದಿ ಪಠ್ಯಪುಸ್ತಕದ ಕನ್ನಡ ಮಾಡಬೇಡಿ. ಅಗತ್ಯವಿದ್ದರೆ ಪೊಲೀಸರೇ ಭಾಷಾಂತರಕಾರರ ನೆರವು ಪಡೆಯಬಹುದು.

ಹೆತ್ತವರಿಗೂ ಒಂದಿಷ್ಟು ತಿಳಿಸಿ ಹೇಳಿ, ಅವರ ಅರ್ಧ ಭಯ ಠಾಣೆಯದ್ದು. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಕಡೆಯಲ್ಲೋ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು, ಅವರು ಸಮವಸ್ತ್ರದಲ್ಲಿರಬಾರದು. ಯಾವ ಕಾರಣಕ್ಕೂ ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹುಡುಗಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ಹೆಸರು, ಊರು, ಶಾಲೆ ಯಾವುದೂ ಪತ್ರಿಕೆಯಲ್ಲಿ ಬರಬಾರದು. ಈ ಕೊನೆಯದನ್ನು ಮುರಿಯುವವರು ಪತ್ರಕರ್ತರಿಗಿಂತ ಹೆಚ್ಚಾಗಿ ನಾವೇ, ವಾಟ್ಸ್ಆ್ಯಪ್ ಗುಂಪುಗಳಲ್ಲಿ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು, ಮಗುವಿಗೆ ಮನೆಯೇ ಸುರಕ್ಷಿತವಲ್ಲದಿದ್ದರೆ ಎಲ್ಲಿರಬೇಕೆಂದು ಸಮಿತಿ ತೀರ್ಮಾನಿಸುತ್ತದೆ. ವಿಚಾರಣೆ ಒಂದು ವರ್ಷದೊಳಗೆ ಮುಗಿಯಬೇಕೆಂದು ಕಾಯ್ದೆ ಬಯಸುತ್ತದೆ. ಮುಗಿಯುವುದಿಲ್ಲ ಎಂಬ ಕಹಿಸತ್ಯವನ್ನೂ ಹೆತ್ತವರಿಂದ ಮುಚ್ಚಿಡಬೇಡಿ, ದಾರಿ ಉದ್ದವೆಂದು ಮೊದಲೇ ತಿಳಿದವರು ನಡುವೆ ಕೈಬಿಡುವುದು ಕಡಿಮೆ.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಮಕ್ಕಳ ಸಹಾಯವಾಣಿ 1098 ಎಂದು ನಮ್ಮ ಎಷ್ಟೋ ಶಾಲೆಗಳಲ್ಲಿ ರಸ್ತೆಯ ಕಡೆಗಿರುವ ಗೋಡೆಯ ಮೇಲೆ ಬರೆಸಿರುತ್ತಾರೆ, ತಪಾಸಣೆಗೆ ಬರುವ ಅಧಿಕಾರಿಗೆ ಜೀಪಿನಿಂದಲೇ ಕಾಣಲಿ ಎಂದು. ಅದನ್ನು ಒಳಗೆ, ಹುಡುಗಿಯರ ಶೌಚಾಲಯದ ದಾರಿಯಲ್ಲಿ, ನಲ್ಲಿಯ ಹತ್ತಿರ, ಮಗುವಿನ ಕಣ್ಣಿನ ಎತ್ತರಕ್ಕೆ ಬರೆಸಿ. ಅಲ್ಲಿ ಓದಿದ ಮಗುವಿನ ಬಳಿ ಫೋನ್ ಇರುವುದಿಲ್ಲ. ಅದು ಫೋನ್ ಕೇಳುವುದು ಬಿಸಿಯೂಟದ ಅಡುಗೆಯಮ್ಮನನ್ನೇ ಇರಬಹುದು, ಮಕ್ಕಳು ಹೆದರದೆ ಮಾತನಾಡಿಸುವುದು ಅವರನ್ನೇ. ಈ ಸಭೆಗೆ ಅವರಲ್ಲಿ ಒಬ್ಬರನ್ನೂ ಕರೆದಂತೆ ಕಾಣುತ್ತಿಲ್ಲ. ಮುಂದಿನ ಸಭೆಗೆ ಕರೆಯಿರಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಎಲ್ಲರೆದುರು ಕೇಳಲಾಗದವರು ಚೀಟಿಯಲ್ಲಿ ಬರೆದುಕೊಡಿ, ಹೆಸರು ಬರೆಯುವುದು ಬೇಡ.