ಪಕ್ಕದ ಮನೆಯ ಮೇಲೆ ಒಂದು ಕಣ್ಣು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದರೂ ಒಮ್ಮೊಮ್ಮೆ ನಡುರಾತ್ರಿ. ಮೊದಲು ಎದ್ದವರು ಸುಮ್ನೆ ತಮ್ಮ ಕೊಡ ತುಂಬಿಕೊಂಡು ಮಲಗುವುದಿಲ್ಲ. 'ವೈನೀ, ನೀರು ಬಂದಾವ್ರೀ' ಎಂದು ಪಕ್ಕದ ಮನೆಯವರನ್ನೂ ಎಬ್ಬಿಸುತ್ತಾರೆ. ಓಣಿಯ ಸುರಕ್ಷತೆಗೂ ಇದೇ ರೂಢಿ ಸಾಕು. ಹೊಸದೇನೂ ಕಲಿಯಬೇಕಿಲ್ಲ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಬೇಸಿಗೆ ರಜೆಯಲ್ಲಂತೂ ಸಾಲುಮನೆಗಳಿಗೇ ಬೀಗ. ಬಾಗಿಲ ಮುಂದೆ ರಂಗೋಲಿ ಇಲ್ಲ, ಅಂಗಳದಲ್ಲಿ ಪೇಪರ್ ಬಿದ್ದಿದೆ, ಹೊರಗಿನ ಲೈಟ್ ಹಗಲಲ್ಲೂ ಉರಿಯುತ್ತಿದೆ. ಕಳ್ಳನಿಗೆ ಇಷ್ಟೇ ಸಾಕು. ಊರಿಗೆ ಹೋಗುವ ಮೊದಲು ಪೊಲೀಸ್ ಠಾಣೆಗೆ ತಿಳಿಸಿ, ಅದು ಒಳ್ಳೆಯದೇ. ಆದರೆ ಪೇಪರ್ ಎತ್ತಿಡುವುದು, ರಂಗೋಲಿಯ ಎರಡು ಎಳೆ ಎಳೆಯುವುದು ಪಕ್ಕದ ಮನೆಯವರಿಂದಲೇ ಆಗಬೇಕು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಒಂಟಿಯಾಗಿರುವ ಹಿರಿಯರದು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಇಲ್ಲಿ ನಿವೃತ್ತರಾದ ಮೇಷ್ಟ್ರು, ಅವರ ಮನೆಯವರು ಇಬ್ಬರೇ. ಈಗ ಕಳ್ಳ ಗೋಡೆ ಹಾರುವುದೇ ಬೇಡ, ಫೋನಿನಲ್ಲೇ ಬರುತ್ತಾನೆ. ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಮಾಡಿ, 'ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರ ಹತ್ತಿರವೂ ಮಾತಾಡಬೇಡಿ' ಎಂದು ಹೆದರಿಸುತ್ತಾನೆ. ನಮ್ಮ ಕಾನೂನಿನಲ್ಲಿ ಅಂಥ ಅರೆಸ್ಟ್ ಇಲ್ಲವೇ ಇಲ್ಲ. ಯಾರ ಹತ್ತಿರವೂ ಮಾತಾಡಬೇಡಿ ಅನ್ನುವುದರಲ್ಲೇ ಅವನ ಇಡೀ ಆಟ ಇದೆ. ದಿನಾ ಕಟ್ಟೆಗೆ ಬಂದು ಕೂರುವ ಅಜ್ಜ ಇವತ್ತು ಬರಲಿಲ್ಲವೇ? ಬಾಗಿಲು ಬಡಿಯಿರಿ. 'ಯಾಕ್ರೀ ಕಾಕಾ, ಆರಾಮ ಅದೀರಿಲ್ಲೋ?' ಎಂದು ಕೇಳಿ. ಆ ಒಂದು ಮಾತಿಗೆ ಅವನ ಬಲೆ ಹರಿದುಹೋಗಬಹುದು. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡುತ್ತದೆ.

ಇನ್ನು ಗಟ್ಟಿಯಾಗಿ ಹೇಳಲೇಬೇಕಾದ ಮಾತೊಂದಿದೆ. ಕಾಯುವುದು ಎಂದರೆ ಅಪರಿಚಿತರನ್ನು ಬೆನ್ನಟ್ಟುವುದಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು? ಮಕ್ಕಳಿಗೆ ಚಾಕಲೇಟ್ ಕೊಟ್ಟರೆಂದು, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಗುಂಪು ಒಬ್ಬ ಯುವಕನನ್ನು ಹೊಡೆದು ಕೊಂದಿತು. ಆತ ಸಾಫ್ಟ್‌ವೇರ್ ಎಂಜಿನಿಯರ್, ಗೆಳೆಯರ ಜೊತೆ ಬಂದಿದ್ದ ಅಷ್ಟೇ. ಅನುಮಾನ ಬಂದರೆ ತುರ್ತು ಸಹಾಯವಾಣಿ 112ಕ್ಕೆ ಫೋನ್ ಮಾಡಿ. ಗಾಡಿ ನಂಬರ್, ಯಾವ ಕಡೆ ಹೋಯಿತು, ಹತ್ತಿರದ ಗುಡಿ ಅಥವಾ ಅಂಗಡಿ ಯಾವುದು, ಇಷ್ಟು ಹೇಳಿ. ಕಣ್ಣೆದುರೇ ಕಳ್ಳತನ ಮಾಡಿದವನನ್ನು ಹಿಡಿದರೂ ಕೈ ಮಾಡುವಂತಿಲ್ಲ. ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು ಎನ್ನುತ್ತದೆ ಈಗಿನ ಕಾನೂನು.

ಅಪರಿಚಿತರು ಅಂದೆನಲ್ಲ, ಧಾರವಾಡದ ಸಪ್ತಾಪುರದ ಕಡೆ ನೋಡಿ. ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು ರೂಮು ಮಾಡಿಕೊಂಡಿದ್ದಾರೆ. ಅವರ ಹೆಸರೇ ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಓಣಿಯೆಲ್ಲ ಮಲಗಿದ ಮೇಲೂ ಎಚ್ಚರ ಇರುವವರು ಅವರೇ. ಇವತ್ತು ಸಂಜೆ ಕರೆದು ಚಹಾ ಕೊಡಿ, ಯಾವ ಊರು ಕೇಳಿ. ಅವರ ನಂಬರ್ ಬರೆದುಕೊಳ್ಳಿ, ನಿಮ್ಮದನ್ನೂ ಕೊಡಿ.

ನಮಸ್ಕಾರ.