ಎರಡನೇ ಸಲ ಕೇಳುವ ಅವಕಾಶ

ಗೆಳೆಯರೇ, ತಂತ್ರಜ್ಞಾನದಿಂದ ನಮ್ಮ ಪದವಿ ಕಾಲೇಜುಗಳಿಗೆ ಏನು ಸಿಕ್ಕಿತು ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಒಂದು ಪಾಠವನ್ನು ಎರಡನೇ ಸಲ ಕೇಳುವ ಅವಕಾಶ. ಸ್ಮಾರ್ಟ್ ಬೋರ್ಡ್, ಪಿಪಿಟಿ ಎಲ್ಲ ಆಮೇಲೆ.

ಪಾಠವನ್ನು ದೂರಕ್ಕೆ ಮುಟ್ಟಿಸುವ ಕೆಲಸ ನಮಗೆ ಹೊಸದಲ್ಲ. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಎನ್‌ಪಿಟಿಇಎಲ್ ಅನ್ನುವ ವಿಡಿಯೋ ಪಾಠಗಳ ಯೋಜನೆ ಶುರು ಮಾಡಿದವು. 2004ರ ಸೆಪ್ಟೆಂಬರ್‌ನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಮಾಡಿದ ಉಪಗ್ರಹ ಎಜುಸ್ಯಾಟ್ ಹಾರಿಸಿತು. ಅದನ್ನು ಮೊದಮೊದಲು ಬಳಸಿದವರಲ್ಲಿ ನಮ್ಮ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಒಂದು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ಸ್ವಯಂ ಬಂತು. ಆದರೂ 2020ರ ಮಾರ್ಚ್ ತನಕ ನಮ್ಮ ಬಿಎ, ಬಿಕಾಂ ತರಗತಿಗಳಲ್ಲಿ ಇದರ ಸುದ್ದಿಯೇ ಕಡಿಮೆ.

ಲಾಕ್‌ಡೌನ್ ಬಂದಾಗ ಎಲ್ಲರೂ ಒಮ್ಮೆಲೇ ಗೂಗಲ್ ಮೀಟ್‌ಗೆ ಬಂದೆವು. ಮೇಷ್ಟ್ರಿಗೆ ಕಾಣುತ್ತಿದ್ದದ್ದು ಬರೀ ಹೆಸರುಗಳು. ತರಗತಿಯಲ್ಲಾದರೆ ಹಿಂದಿನ ಬೆಂಚಿನವರ ಮುಖ ನೋಡಿದರೆ ಸಾಕು, ಇದು ಅರ್ಥ ಆಗಿಲ್ಲ, ಇನ್ನೊಂದು ಸಲ ಹೇಳಬೇಕು ಅಂತ ಗೊತ್ತಾಗುತ್ತದೆ. ಇಲ್ಲಿ "ಕೇಳಿಸ್ತಿದೆಯಾ?" ಅಂತ ಕೇಳುವುದೇ ಆಯಿತು. ಆ ಕಡೆ ಮಲೆನಾಡಿನ ಹುಡುಗರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಮನೆಗೆ ಒಂದೇ ಫೋನು ಇದ್ದಲ್ಲಿ ಅಣ್ಣನ ಕ್ಲಾಸ್ ಮುಗಿದ ಮೇಲೆ ತಂಗಿಯ ಸರದಿ. ಕ್ಯಾಮೆರಾ ಆಫ್ ಮಾಡಿದವರನ್ನು ಸೋಮಾರಿಗಳು ಅಂದದ್ದು ಅನ್ಯಾಯ. ಮನೆಯ ಒಳಗನ್ನು ಎಲ್ಲರಿಗೂ ತೋರಿಸಲು ಯಾರಿಗೆ ಮನಸ್ಸಾಗುತ್ತದೆ?

ಆದರೆ ಅದೇ ದಿನಗಳಲ್ಲಿ ಒಂದು ಒಳ್ಳೆಯದೂ ಆಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಬಿಎಸ್‌ಸಿಗೆ ಬಂದ ಹುಡುಗಿಯನ್ನು ನೆನೆಯಿರಿ. ಇಂಗ್ಲಿಷ್ ಪಾಠ ಓಡುತ್ತದೆ, ಕೈ ಎತ್ತಲು ಸಂಕೋಚ. ರೆಕಾರ್ಡ್ ಆದ ಪಾಠವನ್ನು ಅವಳು ನಿಲ್ಲಿಸಬಹುದು, ವೇಗ ಇಳಿಸಬಹುದು, ಹಿಂದಕ್ಕೆ ಹೋಗಬಹುದು. ಯಾರೂ ನಗುವುದಿಲ್ಲ. ನನಗೆ ಇದು ತುಂಬ ದೊಡ್ಡ ವಿಷಯ.

ಅಧ್ಯಾಪಕರ ಅನುಭವವೇ ಬೇರೆ. ಅವರಿಗೆ ತಂತ್ರಜ್ಞಾನ ಅಂದರೆ ಜಾಸ್ತಿ ಪಾಲು ಡೇಟಾ ಎಂಟ್ರಿ. ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿ ಆಂತರಿಕ ಅಂಕ ತುಂಬಬೇಕು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ದಾಖಲೆ ಅಪ್‌ಲೋಡ್ ಮಾಡಬೇಕು. ಪಾಠದ ತಯಾರಿಗೆ ಇಟ್ಟ ಸಂಜೆ ಸರ್ವರ್ ಕಾಯುವುದರಲ್ಲಿ ಕಳೆದುಹೋಗುತ್ತದೆ. ಹೀಗೆ ಒಂದೇ ಕಾಲೇಜಿನಲ್ಲಿದ್ದರೂ ಮೇಷ್ಟ್ರ ಕಂಪ್ಯೂಟರಿಗೂ ವಿದ್ಯಾರ್ಥಿಯ ಫೋನಿಗೂ ಭೇಟಿಯೇ ಆಗುವುದಿಲ್ಲ, ಅಲ್ವಾ? ಆ ನಡುವಿನ ಜಾಗಕ್ಕೆ ಈಗ ಚಾಟ್‌ಜಿಪಿಟಿ ಬಂದಿದೆ. ರಾತ್ರಿ ಹನ್ನೊಂದಕ್ಕೆ ಡೌಟ್ ಬಂದರೆ ಮಕ್ಕಳು ಅದನ್ನೇ ಕೇಳುತ್ತಾರೆ. ಅದು ತಪ್ಪು ಹೇಳಿದರೆ ತಿದ್ದುವವರು ಹತ್ತಿರ ಇರುವುದಿಲ್ಲ.

ಇಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಪ್ರತಿ ವರ್ಷ ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ನಿಮಗೆ ಗೊತ್ತಿದೆ. ಅಂಥ ಒಂದು ಭಾಗ ಆರಿಸಿಕೊಳ್ಳಿ. ಕನ್ನಡದಲ್ಲಿ, ನಿಮ್ಮದೇ ದನಿಯಲ್ಲಿ, ಹತ್ತು ನಿಮಿಷ ಫೋನಿನಲ್ಲೇ ರೆಕಾರ್ಡ್ ಮಾಡಿ. ಪಠ್ಯದ ಇಂಗ್ಲಿಷ್ ಪದಗಳು ಹಾಗೇ ಇರಲಿ, ಪರೀಕ್ಷೆಗೆ ಬೇಕು. ಬರೀ ಆಡಿಯೋ ಆದರೂ ಸಾಕು, ಡೇಟಾ ಉಳಿಯುತ್ತದೆ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ಪ್ರಶ್ನೆಗಳನ್ನು ವಾಯ್ಸ್ ನೋಟ್‌ನಲ್ಲಿ ಕಳಿಸಿ ಅನ್ನಿ. ಪ್ರಾಂಶುಪಾಲರಲ್ಲೂ ಒಂದು ಮಾತು: ದಾಖಲೆ ತುಂಬುವ ಕೆಲಸಕ್ಕೆ ಕಚೇರಿಯಲ್ಲಿ ಒಬ್ಬರನ್ನು ಕೊಡಿ. ಮೇಷ್ಟ್ರಿಗೆ ಆ ಹತ್ತು ನಿಮಿಷ ಸಿಗುವುದು ಆಗಲೇ.