ಕೆಜಿಎಫ್ ಅಪ್ಪನ ಜೊತೆ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಒಂದು ರಾತ್ರಿ

ನಮಸ್ಕಾರ. ಈಗ ನೀವು ನೋಡುತ್ತಿರುವುದು ನಮ್ಮ ಕಾರಿನ ಹಿಂದಿನ ಸೀಟು. ಎಡಕ್ಕೆ ಅಮ್ಮ, ಬಲಕ್ಕೆ ಅಪ್ಪ, ನಡುವೆ ಪುಳಿಯೋಗರೆ ಡಬ್ಬಿ. ಟೆಂಟು, ರಗ್ಗು, ಸ್ಟೌವ್ ಎಲ್ಲ ಡಿಕ್ಕಿಯಲ್ಲಿವೆ. ಪುಳಿಯೋಗರೆ ಮಾತ್ರ ಸೀಟಿನ ಮೇಲೆ. ಅದರ ಬಗ್ಗೆ ವಾದ ಮಾಡೋಕೆ ನಾನು ಹೋಗಲಿಲ್ಲ.

ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಿಂದ ಬೆಳಿಗ್ಗೆ 6ಕ್ಕೆ ಹೊರಟೆವು. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿಗೆ ಸುಮಾರು 400 ಕಿಲೋಮೀಟರ್. ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ, ಹಾಗಾಗಿ ಡ್ರೈವರ್ ನಾನೇ, ಕ್ಯಾಮೆರಾನೂ ನಾನೇ. ಮೊದಲ ಒಂದು ಗಂಟೆ ಕಳ್ಳಿ ಗಿಡಗಳ ಮರಳುಗಾಡು. ಆಮೇಲೆ ರಸ್ತೆ ಏರುತ್ತಾ ಹೋಗುತ್ತದೆ. ಫ್ಲ್ಯಾಗ್‌ಸ್ಟಾಫ್ ಮುಟ್ಟುವ ಹೊತ್ತಿಗೆ ಸುತ್ತ ಬರೀ ಪೈನ್ ಮರ, ಮೈಗೆ ಚಳಿ. ಅಮ್ಮ ಸ್ವೆಟರ್ ಹಾಕಿಕೊಂಡಳು. ಅಪ್ಪ ಹಾಕಿಕೊಳ್ಳಲಿಲ್ಲ.

ಅಪ್ಪನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಅವರು ಕೆಜಿಎಫ್‌ನಲ್ಲಿ 23 ವರ್ಷ ಕೆಲಸ ಮಾಡಿದವರು. ಸಿನಿಮಾ ಕೆಜಿಎಫ್ ಅಲ್ಲ, ನಿಜವಾದ ಕೋಲಾರ ಚಿನ್ನದ ಗಣಿ. ಸರ್ವೆ ಸೆಕ್ಷನ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ ಅಲ್ಲೇ ಇದ್ದರು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ಗ್ರ್ಯಾಂಡ್ ಕ್ಯಾನಿಯನ್‌ನ ಆಳ ಒಂದೂವರೆ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಂದರೆ ಅಪ್ಪನ ಗಣಿಯ ಅರ್ಧ ಅಂದುಕೊಳ್ಳಿ. ಇದನ್ನು ನಾನು ಹೊರಡುವ ಹಿಂದಿನ ರಾತ್ರಿ ಬಾಯಿ ತಪ್ಪಿ ಹೇಳಿಬಿಟ್ಟೆ. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ, "ಅರ್ಧ ನೋಡೋಕೆ ಅಷ್ಟು ದೂರ ಹೋಗಬೇಕಾ?" ಅಂದರು.

ಸರಿ, ಪಾರ್ಕ್ ಬಂತು. 1919ರಲ್ಲಿ ರಾಷ್ಟ್ರೀಯ ಉದ್ಯಾನವಾದ ಜಾಗ. ಇಲ್ಲಿ ಒಂದು ವಿಚಿತ್ರ ಇದೆ. ಬೆಟ್ಟ ಆದರೆ ದೂರದಿಂದಲೇ ಕಾಣುತ್ತದೆ. ಕಣಿವೆ ಹಾಗಲ್ಲ. ಗೇಟು ದಾಟಿದರೂ ಕಾಡೇ, ಕಾರು ನಿಲ್ಲಿಸಿದರೂ ಕಾಡೇ, ನೆಲ ಪೂರ್ತಿ ಸಮತಟ್ಟು. "ಎಲ್ಲೇ ನಿನ್ನ ಕಣಿವೆ?" ಅಂತ ಅಮ್ಮ ಮೂರು ಸಲ ಕೇಳಿದಳು. ಪಾರ್ಕಿಂಗ್‌ನಿಂದ ಮೇದರ್ ಪಾಯಿಂಟ್‌ಗೆ ಕೆಲವೇ ನಿಮಿಷದ ನಡಿಗೆ. ನಾಲ್ಕನೇ ಸಲ ಕೇಳೋಕೆ ಬಾಯಿ ತೆಗೆದವಳು ಹಾಗೇ ನಿಂತಳು.

ಈ ಶಾಟ್ ನೋಡಿ. ಇದಕ್ಕೆ ನಾನು ಮ್ಯೂಸಿಕ್ ಹಾಕಿಲ್ಲ. ಕೇಳುತ್ತಿರುವುದು ಗಾಳಿ ಮಾತ್ರ, ಜೊತೆಗೆ ಯಾರದೋ ಮಗು ಅಳೋದು.

ಅಮ್ಮನಿಗೆ ಮೊದಲು ಕಂಡಿದ್ದು ಸೌಂದರ್ಯ ಅಲ್ಲ, ಕಂಬಿ. ಅದು ಮುಗಿಯುವ ಜಾಗ ಕಂಡಿತು ಅನ್ನಬೇಕು. ಇಲ್ಲಿ ಅಂಚಿನ ಉದ್ದಕ್ಕೂ ಕಂಬಿ ಇಲ್ಲ, ಮುಖ್ಯ ಜಾಗಗಳಲ್ಲಿ ಮಾತ್ರ. ಅವಳು ಅಪ್ಪನ ಶರ್ಟಿನ ತೋಳು ಹಿಡಿದವಳು ಸಂಜೆಯವರೆಗೂ ಬಿಡಲಿಲ್ಲ. ಅಪ್ಪ ಸುಮ್ಮನೆ ನಿಂತಿದ್ದರು. ಆಮೇಲೆ ಕೇಳಿದ್ದು ಸರ್ವೆಯವರು ಕೇಳುವ ಪ್ರಶ್ನೆ: "ಆಚೆ ದಡಕ್ಕೆ ಎಷ್ಟು?" ನೇರ ಅಳತೆಯಲ್ಲಿ ಸುಮಾರು 16 ಕಿಲೋಮೀಟರ್. ಕಾರಿನಲ್ಲಿ ಹೋಗಬೇಕಾದರೆ ಸುತ್ತಿಕೊಂಡು 340 ಕಿಲೋಮೀಟರ್. ಅಪ್ಪನಿಗೆ ಈ ಲೆಕ್ಕ ಬಹಳ ಇಷ್ಟವಾಯಿತು. ಊರಿನ ಮೂರು ಜನಕ್ಕೆ ಫೋನ್ ಮಾಡಿ ಇದನ್ನೇ ಹೇಳಿದರು.

ಅಲ್ಲಿಂದ ಯಾವಪಾಯ್ ಭೂವಿಜ್ಞಾನ ಮ್ಯೂಸಿಯಂ. ದೊಡ್ಡ ಗಾಜಿನ ಕಿಟಕಿ, ಎದುರಿಗೆ ಕಾಣುವ ಪ್ರತಿ ಶಿಖರಕ್ಕೂ ಒಂದು ಹೆಸರು. ಅಮ್ಮ ಓದುತ್ತಾ ಹೋದವಳು, "ಲೇ, ಇದೇನೇ, ಬ್ರಹ್ಮ ಟೆಂಪಲ್ ಅಂತಿದೆ!" ಅಂದಳು. ಇದು ನಿಜ. 1880ರ ಸುಮಾರಿಗೆ ಇಲ್ಲಿ ಕೆಲಸ ಮಾಡಿದ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿಗೆ ಈ ಬಂಡೆಗಳು ಪೂರ್ವ ದೇಶಗಳ ಗೋಪುರಗಳ ಹಾಗೆ ಕಂಡವು. ವಿಷ್ಣು ಟೆಂಪಲ್, ಶಿವ ಟೆಂಪಲ್ ಅಂತ ಹೆಸರಿಟ್ಟ. ಅದೇ ರೂಢಿಯಾಗಿ ಬ್ರಹ್ಮ, ಕೃಷ್ಣ, ರಾಮ, ಬುದ್ಧ ಎಲ್ಲರೂ ಸೇರಿಕೊಂಡರು. ಕಣಿವೆಯ ತಳದ ಕಪ್ಪು ಕಲ್ಲಿನ ಹೆಸರೇ ವಿಷ್ಣು ಶಿಸ್ಟ್. ಸಾವಿರಾರು ವರ್ಷದಿಂದ ಇಲ್ಲಿದ್ದ ಜನ ಈ ಶಿಖರಗಳನ್ನು ಏನಂತ ಕರೆಯುತ್ತಿದ್ದರೋ ಅದು ಆ ಫಲಕದಲ್ಲಿ ಇರಲಿಲ್ಲ, ನನಗೆ ಅದು ಸ್ವಲ್ಪ ಚುಚ್ಚಿತು. ಅಮ್ಮನ ಯೋಚನೆಯೇ ಬೇರೆ. "ಬ್ರಹ್ಮನಿಗೆ ಭೂಮಿ ಮೇಲೆ ಗುಡಿ ಇಲ್ಲ ಅಂತ ಶಾಪ. ಅದಕ್ಕೆ ಇಲ್ಲಿ ಬಂದು ಕೂತಿದ್ದಾನೆ." ಕೈ ಮುಗಿದಳು. ಪಕ್ಕದಲ್ಲಿದ್ದ ಜಪಾನಿ ಅಜ್ಜಿಯೂ ಸುಮ್ನೆ ಕೈ ಮುಗಿದರು.

ಮ್ಯೂಸಿಯಂ ಹೊರಗಿನಿಂದ 'ಟ್ರೇಲ್ ಆಫ್ ಟೈಮ್' ಅನ್ನುವ ದಾರಿ ಶುರು. ಇಲ್ಲಿಗೆ ಬರುವವರು ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ. ನೆಲದಲ್ಲಿ ಮೀಟರಿಗೊಂದು ಕಂಚಿನ ಗುಂಡಿ ಕೂರಿಸಿದ್ದಾರೆ. ಒಂದು ಮೀಟರ್ ಅಂದರೆ 10 ಲಕ್ಷ ವರ್ಷ. ಇವತ್ತಿನಿಂದ ಶುರು ಮಾಡಿ ಹಿಂದಕ್ಕೆ ನಡೀತಾ ಹೋಗಬೇಕು. ಎರಡು ಕಿಲೋಮೀಟರ್ ನಡೆದರೆ 200 ಕೋಟಿ ವರ್ಷ. ಯಾವ ಪದರ ಯಾವಾಗಿನದೋ ಅಲ್ಲಿ ಆ ಕಲ್ಲನ್ನೇ ಕೆಳಗಿನಿಂದ ತಂದು ಇಟ್ಟಿದ್ದಾರೆ, ಮುಟ್ಟಬಹುದು.

ಮೊದಲ ಐದಾರು ಹೆಜ್ಜೆಗೇ ಅಪ್ಪ ನಿಂತರು. ಕೊಲೊರಾಡೊ ನದಿ ಈ ಕಣಿವೆ ಕೊರೆದಿದ್ದು ಹೆಚ್ಚುಕಡಿಮೆ ಕಳೆದ 50-60 ಲಕ್ಷ ವರ್ಷದಲ್ಲಿ. ಅಂದರೆ ಎದುರಿಗಿರುವ ಇಷ್ಟು ದೊಡ್ಡ ಗುಂಡಿ, ದಾರಿಯ ಲೆಕ್ಕದಲ್ಲಿ ಬರೀ ಐದಾರು ಮೀಟರ್. ನಾವು ನಿಂತ ಅಂಚಿನ ಸುಣ್ಣಕಲ್ಲು 27 ಕೋಟಿ ವರ್ಷದ್ದು, ಅದು 270ನೇ ಮೀಟರ್‌ನಲ್ಲಿ. ಕಲ್ಲು ಹಳೇದು, ಕಣಿವೆ ಎಳೇದು. ಅಪ್ಪ ಹಿಂದಕ್ಕೆ ತಿರುಗಿ, ಕಾಲಲ್ಲಿ ಆ ಐದಾರು ಹೆಜ್ಜೆ ಮತ್ತೆ ಅಳೆದರು. ಬಿಸಿಲಿತ್ತು, ಬೇಸರ ಇಲ್ಲದೆ ಅಳೆದರು.

ಆಮೇಲೆ ನಡೆದೆವು, ನಡೆದೆವು. ಮಧ್ಯೆ ಒಂದಿಷ್ಟು ದೂರ ಕಲ್ಲೇ ಕಡಿಮೆ. ಕಣಿವೆಯಲ್ಲಿ ಎಷ್ಟೋ ಕಡೆ 50 ಕೋಟಿ ವರ್ಷದ ಮರಳುಗಲ್ಲು ನೇರವಾಗಿ 170 ಕೋಟಿ ವರ್ಷದ ಕಲ್ಲಿನ ಮೇಲೆ ಕೂತಿದೆ. ನಡುವಿನದೆಲ್ಲ ಸವೆದು ಹೋಗಿದೆ. ಅಮ್ಮ ಒಂದು ಬೆಂಚಿನ ಮೇಲೆ ಕೂತು, "ನನಗೆ ಇಲ್ಲಿಗೆ ಸಾಕು, ನೀವು ಹೋಗಿ ಬನ್ನಿ" ಅಂದಳು. 90 ಕೋಟಿ ವರ್ಷದ ಹತ್ತಿರ ಎಲ್ಲೋ.

ಕೊನೆ ಹತ್ತಿರ ವಿಷ್ಣು ಶಿಸ್ಟ್. ಸುಮಾರು 175 ಕೋಟಿ ವರ್ಷ. ಕಪ್ಪು, ಬಿಸಿಲಲ್ಲಿ ಅಭ್ರಕದ ಹೊಳಪು. ಎಲ್ಲರೂ ಅದನ್ನು ಸವರಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅಪ್ಪ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿ ಕೊಟ್ಟರು. ಗಣಿಯಲ್ಲಿ ಮೇಲಿನ ಬಂಡೆಯನ್ನು ಹೀಗೇ ಕುಟ್ಟಿ ನೋಡಬೇಕಂತೆ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಅಲ್ಲಿ ನಿಲ್ಲಬಾರದು. "ನಮ್ಮ ಕಲ್ಲಿನ ಜಾತಿನೇ," ಅಂದರು. ನಾನು ಫೋನ್ ತೆಗೆದು ಹುಡುಕಿದೆ. ಕೋಲಾರದ ಕಲ್ಲು ಸುಮಾರು 270 ಕೋಟಿ ವರ್ಷದ್ದು. ಹಾಗಾದರೆ ಈ ದಾರಿಯಲ್ಲಿ ಅದನ್ನು ಇಡಬೇಕೆಂದರೆ ಇನ್ನೂ 950 ಮೀಟರ್ ಹೋಗಬೇಕು. ಅಪ್ಪ ದೂರ ನೋಡಿ, "ಆ ಬಸ್ ಸ್ಟಾಪ್ ಆಚೆ ಬರುತ್ತೆ," ಅಂದರು. ಮುಖದಲ್ಲಿ ಏನೋ ಗೆದ್ದ ಖುಷಿ. ಆಳದಲ್ಲಷ್ಟೇ ಅಲ್ಲ, ವಯಸ್ಸಿನಲ್ಲೂ ನಮ್ಮ ಗಣಿಯೇ ಮುಂದೆ ಅನ್ನಿಸಿರಬೇಕು.

ರಾತ್ರಿ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ. ಜಾಗ ಬೇಕೆಂದರೆ ಆರು ತಿಂಗಳು ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬಹುದು. ನಾನು ಹಾಗೇ ಮಾಡಿದ್ದೆ. ಆರು ತಿಂಗಳು ಮೊದಲೇ ಪ್ಲಾನ್ ಮಾಡಿದವಳು ಗಾಳಿ ಹಾಸಿಗೆಯ ಪಂಪನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಈ ಕ್ಲಿಪ್‌ನಲ್ಲಿ ಅಪ್ಪ ಬಾಯಿಂದ ಊದುತ್ತಿರುವುದು ಅದನ್ನೇ. ಹತ್ತು ನಿಮಿಷಕ್ಕೆ ಬಿಟ್ಟರು. 2,100 ಮೀಟರ್ ಎತ್ತರದಲ್ಲಿ ಉಸಿರೂ ಸಾಲಲ್ಲ. ಕೊನೆಗೆ ಕಾರಿನ ಸೀಟು ಮಡಚಿ ಅಮ್ಮನಿಗೆ ಜಾಗ, ಟೆಂಟಿನಲ್ಲಿ ನೆಲದ ಮೇಲೆ ರಗ್ಗು ಹಾಸಿ ನಾನು, ಅಪ್ಪ. ಅಕ್ಟೋಬರ್‌ನಲ್ಲಿ ಹಗಲು ತೆಳು ಶರ್ಟು ಸಾಕು, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಅಪ್ಪ ಈಗ ಸ್ವೆಟರ್ ಕೇಳಿದರು.

ಊಟಕ್ಕೆ ಪುಳಿಯೋಗರೆ, ಮೊಸರನ್ನ. ತಿಂದಾದ ಮೇಲೆ ಒಂದು ಕಾಳೂ ಹೊರಗೆ ಬಿಡುವಂತಿಲ್ಲ, ಎಲ್ಲ ಕಾರಿನೊಳಗೆ. ಇಲ್ಲಿ ಎಲ್ಕ್‌ಗಳು ಟೆಂಟುಗಳ ನಡುವೆಯೇ ಓಡಾಡುತ್ತವೆ. ನಮ್ಮ ಕಡವೆಯ ಅಣ್ಣ ಅಂದುಕೊಳ್ಳಿ. ಗಂಡು ಎಲ್ಕ್ ಹೆಣ್ಣನ್ನು ಕರೆಯುವ ಕಾಲ ಇದು. ಕೂಗು ಅಂದರೆ ಗುಟುರು ಅಲ್ಲ, ಉದ್ದನೆಯ ಸಿಳ್ಳೆ, ಮೇಲಕ್ಕೇರಿ ಒಡೆಯುತ್ತದೆ. ರಾತ್ರಿ 11ರ ಹೊತ್ತಿಗೆ ಒಂದು ಹತ್ತಿರದಲ್ಲೇ ಕೂಗಿತು. ಕಾರಿನ ಬಾಗಿಲು ತೆರೆದು ಅಮ್ಮ ಅಂದಿದ್ದು, "ಸೈರನ್ನಾ?"

ಕೆಜಿಎಫ್‌ನಲ್ಲಿ ನಾನು ಚಿಕ್ಕವಳಿದ್ದಾಗ ಒಮ್ಮೊಮ್ಮೆ ನೆಲ ನಡುಗುತ್ತಿತ್ತು. ಕೆಳಗೆ ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಅಡುಗೆ ಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಆಗ ಅಮ್ಮ ಗಡಿಯಾರ ನೋಡಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಪ್ಪನ ಶಿಫ್ಟ್ ಮುಗಿದು ಬರುವವರೆಗೂ ಒಳಗೆ ಬರುತ್ತಿರಲಿಲ್ಲ. 24 ವರ್ಷ ಆಯಿತು ಗಣಿ ಮುಚ್ಚಿ, ಇನ್ನೂ ನಿದ್ದೆಯಲ್ಲಿ ಸೈರನ್.

ಎದ್ದ ಮೇಲೆ ಯಾರಿಗೂ ನಿದ್ದೆ ಬರಲಿಲ್ಲ. ಹೊರಗೆ ಕೂತೆವು. ಈ ಪಾರ್ಕಿಗೆ 2019ರಲ್ಲಿ ಕತ್ತಲೆ ಆಕಾಶದ ಉದ್ಯಾನ ಅನ್ನುವ ಮಾನ್ಯತೆ ಸಿಕ್ಕಿದೆ, ದೀಪಗಳಿಗೆಲ್ಲ ಮುಚ್ಚಳ ಹಾಕಿಸಿದ್ದಾರೆ. ಕ್ಯಾಮೆರಾದಲ್ಲಿ ಏನೂ ಬಂದಿಲ್ಲ, ಕಪ್ಪು ಪರದೆ ಅಷ್ಟೇ, ಕ್ಷಮಿಸಿ. ಆ ಕಪ್ಪಿನಲ್ಲಿ ಅಪ್ಪನ ದನಿ ಮಾತ್ರ ಇದೆ. ಅಪ್ಪ ಹೇಳುತ್ತಿರುವುದು ಇದು: ಕೆಜಿಎಫ್‌ಗೆ ಬಾಂಬೆಯ ಟಿಐಎಫ್ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಬರುತ್ತಿದ್ದರು, ಆಕಾಶದಿಂದ ಬರುವ ಕಣ ಹಿಡಿಯೋಕೆ ನೆಲದೊಳಗೆ ಎರಡು ಕಿಲೋಮೀಟರ್ ಇಳಿಯುತ್ತಿದ್ದರು. ಬೇರೆ ಕಣಗಳನ್ನು ಬಹುಪಾಲು ಬಂಡೆ ತಡೆಯುತ್ತದೆ, ನ್ಯೂಟ್ರಿನೊ ಅನ್ನುವ ಕಣ ಸಲೀಸಾಗಿ ತೂರಿಕೊಂಡು ಬರುತ್ತದೆ. 1965ರಲ್ಲೇ ಅಲ್ಲಿ ಅದನ್ನು ಪತ್ತೆ ಮಾಡಿದ್ದರು, ಅಪ್ಪ ಕೆಲಸಕ್ಕೆ ಸೇರುವ ಮೊದಲೇ. ಎಂಬತ್ತರ ದಶಕದಲ್ಲಿ ಬೇರೆ ಪ್ರಯೋಗಕ್ಕೆ ಬಂದವರ ಜೊತೆ ಅಪ್ಪ ಗಣಿಯ ಲಿಫ್ಟಾದ ಕೇಜ್‌ನಲ್ಲಿ ಇಳಿದಿದ್ದರಂತೆ. "ಅವರು ನಕ್ಷತ್ರ ಅಂತಿದ್ದರು, ನಮಗೆ ಮುಂದೆ ನಿಂತವನ ಬೆನ್ನು ಮಾತ್ರ ಕಾಣ್ತಿತ್ತು." ಇದನ್ನು ನಾನು ಮೊದಲ ಸಲ ಕೇಳಿದ್ದು.

ಬೆಳಿಗ್ಗೆ ಸೂರ್ಯೋದಯ ಎಲ್ಲರ ವಿಡಿಯೋದಲ್ಲೂ ಇದೆ, ನನ್ನದರಲ್ಲಿ ಹತ್ತು ಸೆಕೆಂಡ್ ಸಾಕು. ಅಪ್ಪ ಇಳಿಯಬೇಕು ಅಂದರು. ಬ್ರೈಟ್ ಏಂಜಲ್ ದಾರಿ ಅಂಚಿನಿಂದ ನದಿಯವರೆಗೂ ಹೋಗುತ್ತದೆ. ಒಂದೇ ದಿನದಲ್ಲಿ ನದಿಗೆ ಹೋಗಿ ಬರಬೇಡಿ ಅಂತ ದೊಡ್ಡ ಎಚ್ಚರಿಕೆ ಇದೆ. ಇಳಿಯೋದು ನಿಮ್ಮಿಷ್ಟ, ಹತ್ತೋದು ಕಡ್ಡಾಯ ಅನ್ನೋ ಮಾತು ಇಲ್ಲಿ ಚಾಲ್ತಿಯಲ್ಲಿದೆ. ಕೆಳಗೆ ಹೋದಷ್ಟೂ ಸೆಕೆ, ನದಿಯ ಹತ್ತಿರ ಅಂಚಿಗಿಂತ ಹತ್ತು ಡಿಗ್ರಿಗಿಂತ ಜಾಸ್ತಿ. ಅಪ್ಪನಿಗೆ ಅದೇನು ದೊಡ್ಡದಲ್ಲ, ಅವರ ಗಣಿಯ ತಳದಲ್ಲಿ ಬಂಡೆಯೇ 60 ಡಿಗ್ರಿ ದಾಟುತ್ತಿತ್ತು. ಆದರೂ ನಾನು ಮೊದಲ ಸುರಂಗದವರೆಗೆ ಮಾತ್ರ ಅಂದೆ. ಅಮ್ಮ ಮೇಲೆ ಬೆಂಚಿನಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಳು.

ದಾರಿಯಿಂದ ಕೆಳಗೆ, ಬಹಳ ಕೆಳಗೆ, ಒಂದು ಹಸಿರು ತೇಪೆ ಕಾಣುತ್ತದೆ. ಹವಾಸುಪಾಯ್ ಗಾರ್ಡನ್ಸ್. ಇಲ್ಲಿನ ಮೂಲನಿವಾಸಿಗಳಾದ ಹವಾಸುಪಾಯ್ ಜನ ಅಲ್ಲಿ ಬೆಳೆ ಬೆಳೆಯುತ್ತಿದ್ದರು. ಪಾರ್ಕ್ ಬಂತು, ಅವರನ್ನು ಎಬ್ಬಿಸಿದರು, ಕೊನೆಯವರು ಹೊರಟಿದ್ದು 1928ರಲ್ಲಿ. ಅವರ ಹೆಸರು ಆ ಜಾಗಕ್ಕೆ ವಾಪಸ್ ಬರೋಕೆ 2022 ಆಗಬೇಕಾಯಿತು.

ಸುರಂಗ ಅಂದರೆ ಏನಿಲ್ಲ, ಹತ್ತು ಹೆಜ್ಜೆಯದ್ದು. ದಾರಿಗೆ ಅಡ್ಡ ಬಂದ ಬಂಡೆ ಕೊರೆದಿದ್ದಾರೆ. ಒಳಗೆ ಕಾಲಿಟ್ಟ ತಕ್ಷಣ ಅಪ್ಪನ ತಲೆ ತಾನಾಗೇ ಬಗ್ಗಿತು. ಚಾವಣಿ ಅವರಿಗಿಂತ ಎಷ್ಟೋ ಎತ್ತರದಲ್ಲಿತ್ತು. ಎಡಗೈ ಗೋಡೆ ಸವರುತ್ತಾ ಹೋಯಿತು. ಆಚೆ ಬಂದು ನಿಂತರು. ಎದುರಿಗೆ ಇಡೀ ಕಣಿವೆ, ಪದರದ ಮೇಲೆ ಪದರ, ತಳದವರೆಗೂ ಬೆಳಕು.

"ಇಷ್ಟು ವರ್ಷ ಇಳಿದೆ ಕಣಮ್ಮ," ಅಂದರು. "ಎಷ್ಟು ಇಳಿದೆ ಅಂತ ಕಾಗದದ ಮೇಲೆ ಬರೀತಿದ್ದೆ. ನೋಡಿರಲಿಲ್ಲ."

ನಾನು ಕ್ಯಾಮೆರಾ ಆಫ್ ಮಾಡಿದೆ. ಹಾಗಾಗಿ ಈಗ ಸ್ಕ್ರೀನ್ ಮೇಲೆ ಇರುವುದು ಹಿಂದಿನ ದಿನದ ಶಾಟ್.

ಹತ್ತಿ ಬರೋಕೆ ಇಳಿದಿದ್ದಕ್ಕಿಂತ ಮೂರರಷ್ಟು ಹೊತ್ತು ಹಿಡಿಯಿತು. ಎರಡು ಕಡೆ ಕೂತೆವು. ಹೇಸರಗತ್ತೆಗಳ ಸಾಲು ಬಂತು, ಬಂಡೆಗೆ ಒರಗಿ ದಾರಿ ಬಿಟ್ಟೆವು. ಕೊನೆಯ ತಿರುವಿನಲ್ಲಿ ನೋಡಿದರೆ ಅಮ್ಮ ಬೆಂಚಿನಲ್ಲಿ ಇಲ್ಲ. ದಾರಿ ಶುರುವಾಗುವ ಕಡೆ, ಅಂಚಿಗೆ ಅಷ್ಟು ಹೆದರುವವಳು, ಕಂಬಿ ಹಿಡಿದು ನಿಂತಿದ್ದಾಳೆ. ಇನ್ನೊಂದು ಕೈಯಲ್ಲಿ ಫ್ಲಾಸ್ಕ್.

"ಮುಗೀತಾ ಶಿಫ್ಟು?" ಅಂತ ಕೇಳಿ ಕಾಫಿ ಬಗ್ಗಿಸಿದಳು. ಆರಿಹೋಗಿತ್ತು. ಅಪ್ಪ ಎರಡು ಲೋಟ ಕುಡಿದರು.